ನಡು ತಪ್ಪಿದ ನಾಣ್ಯಗಳು: ಟಂಕಸಾಲೆಯ ತಪ್ಪನ್ನು ಗುರುತಿಸುವ ಬಗೆ

ಎರಡು ಅಚ್ಚುಗಳ ನಡುವೆ ಸರಿಯಾಗಿ ಕೂರದ ಬಿಲ್ಲೆಯ ಮೇಲೆ ಏಟು ಬಿದ್ದು, ಚಿತ್ರವೂ ಬರಹವೂ ಒಂದು ಬದಿಗೆ ಸರಿದು, ಎದುರು ಬದಿ ಬೋಳಾಗಿ ಉಳಿದ ನಾಣ್ಯವನ್ನು ನಡು ತಪ್ಪಿದ ನಾಣ್ಯ ಎನ್ನಬಹುದು. ಸಂಗ್ರಾಹಕರೂ ವ್ಯಾಪಾರಿಗಳೂ ಬಳಸುವ ಮಾತು ಆಫ್ ಸೆಂಟರ್. ಬೋಳು ಭಾಗ ಬಿದಿಗೆ ಚಂದ್ರನ ಹಾಗಿರುತ್ತದೆ. ಮುದ್ರೆ ಸರಿದಷ್ಟೂ ಚಂದ್ರ ದಪ್ಪಗಾಗುತ್ತಾನೆ. ಟಂಕಸಾಲೆಯ ತಪ್ಪುಗಳಲ್ಲಿ ಬರಿಗಣ್ಣಿಗೆ ತಟ್ಟನೆ ಬೀಳುವುದು ಇದು, ಜನ ತಪ್ಪಾಗಿ ಹೆಸರಿಡುವುದೂ ಇದಕ್ಕೇ ಹೆಚ್ಚು. ಚಿತ್ರ ಪಕ್ಕಕ್ಕೆ ವಾಲಿದ ಪ್ರತಿಯೊಂದು ನಾಣ್ಯವೂ ಆಫ್ ಸೆಂಟರ್ ಅಲ್ಲ. ಪಕ್ಕಕ್ಕೆ ಸರಿದದ್ದು ಬಿಲ್ಲೆಯೋ ಅಚ್ಚೋ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಅದು ಗೊತ್ತಾಗದೆ ಮುಂದಿನ ಯಾವ ಮಾತೂ ನಿಲ್ಲುವುದಿಲ್ಲ.

ಏಟು ಬೀಳುವ ಕ್ಷಣ

ಲೋಹದ ಉದ್ದನೆಯ ಪಟ್ಟಿಯಿಂದ ಮೊದಲು ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿ, ತೊಳೆದು, ಇನ್ನೊಂದು ಯಂತ್ರದಲ್ಲಿ ಸುತ್ತಲಿಂದ ಒತ್ತಿ ಅಂಚನ್ನು ತುಸು ಮೇಲೆತ್ತುತ್ತಾರೆ. ಈ ಉಬ್ಬಂಚು ಮುಂದೆ ಗುರುತಿಸುವಾಗ ಕೆಲಸಕ್ಕೆ ಬರುತ್ತದೆ. ಆಮೇಲೆ ಮುದ್ರಣಯಂತ್ರ. ಅಲ್ಲಿ ಸಾಮಾನ್ಯವಾಗಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಕೆಳಗಿನ ಅಚ್ಚಿನ ಸುತ್ತ ಬಳೆಯಂಥ ಉಕ್ಕಿನ ಕಾಲರ್. ಬಿಲ್ಲೆ ಕಾಲರಿನೊಳಗೆ ಇಳಿದು ಕೂತ ಮೇಲೆ ಮೇಲಿನ ಅಚ್ಚು ಬಡಿಯುತ್ತದೆ. ಒತ್ತಡಕ್ಕೆ ಲೋಹ ಹೊರಕ್ಕೆ ಹರಿಯಲು ಹವಣಿಸುತ್ತದೆ, ಕಾಲರ್ ತಡೆಯುತ್ತದೆ. ನಾಣ್ಯದ ದುಂಡು, ನೆಟ್ಟನೆಯ ಪಕ್ಕೆ, ಪಕ್ಕೆಯ ಹಲ್ಲುಗೆರೆ ಎಲ್ಲವೂ ಈ ಕಾಲರಿನಿಂದ ಬಂದವು.

ಇಂದಿನ ವೇಗದ ಯಂತ್ರಗಳು ನಿಮಿಷಕ್ಕೆ 700ಕ್ಕೂ ಹೆಚ್ಚು ಏಟು ಹೊಡೆಯಬಲ್ಲವು. ಒಂದು ಸೆಕೆಂಡಿಗೆ ಹತ್ತು ಹನ್ನೆರಡು ಬಿಲ್ಲೆ ಬಂದು, ಕೂತು, ಏಟು ತಿಂದು, ಎದ್ದು ಹೋಗಬೇಕು. ಬಿಲ್ಲೆಯನ್ನು ತಳ್ಳುವ ಭಾಗ ಒಂದಿಷ್ಟು ಸಡಿಲವಾದರೆ, ಹಿಂದಿನ ನಾಣ್ಯ ಹೊರಬೀಳದೆ ಅಡ್ಡ ನಿಂತರೆ, ಹೊಸ ಬಿಲ್ಲೆ ಕಾಲರಿನ ಮೇಲೇ ಅರ್ಧಂಬರ್ಧ ಮಲಗಿರುತ್ತದೆ. ಯಂತ್ರ ಅದನ್ನು ನೋಡುತ್ತಾ ನಿಲ್ಲುವುದಿಲ್ಲ. ಅಚ್ಚಿನ ಕೆಳಗಿದ್ದಷ್ಟು ಭಾಗಕ್ಕೆ ಮುದ್ರೆ ಬೀಳುತ್ತದೆ, ಹೊರಗಿದ್ದ ಭಾಗ ಹಾಗೇ ಉಳಿಯುತ್ತದೆ. ತಡೆಯಲು ಕಾಲರ್ ಇಲ್ಲದ್ದರಿಂದ ಮುದ್ರೆ ಬಿದ್ದ ಕಡೆ ಲೋಹ ಹೊರಕ್ಕೆ ಹರಡಿಕೊಳ್ಳುತ್ತದೆ. ನಾಣ್ಯ ದುಂಡಗಿರುವ ಬದಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಮೂರು ಸಾಕ್ಷಿಗಳು

ಗುರುತಿಸುವಾಗ ಎರಡು ಮುಖ, ಪಕ್ಕೆ ಮತ್ತು ತೂಕ ಈ ಮೂರನ್ನೂ ಕೇಳಬೇಕು. ಬರೀ ಮುಖ ನೋಡಿ ತೀರ್ಪು ಕೊಡುವವರೇ ಹೆಚ್ಚು, ಎಡವುವವರೂ ಅವರೇ.

ಮೊದಲು ಮುಖಗಳು. ಬಿಲ್ಲೆಯೇ ಜಾಗ ತಪ್ಪಿದ್ದರೆ ಮೇಲಿನ ಅಚ್ಚಿಗೂ ಕೆಳಗಿನ ಅಚ್ಚಿಗೂ ಅದು ಒಂದೇ ದಿಕ್ಕಿನಲ್ಲಿ ತಪ್ಪಿರುತ್ತದೆ. ಆದ್ದರಿಂದ ಎರಡೂ ಮುಖಗಳಲ್ಲಿ ಬೋಳು ಇರಲೇಬೇಕು. ಅಳತೆಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಬೋಳು ಎಲ್ಲಿದೆ ಎಂದು ಹೇಳಲು ಗಡಿಯಾರದ ಗಂಟೆ ಬಳಸುವುದು ರೂಢಿ. ಭಾರತದ ನಾಣ್ಯವನ್ನು ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿದರೆ ಹಿಮ್ಮುಖದ ಚಿತ್ರವೂ ನೆಟ್ಟಗೇ ಕಾಣುತ್ತದೆ. ಹಾಗಾಗಿ ಸಿಂಹದ ಮುಖದಲ್ಲಿ ಬೋಳು 3 ಗಂಟೆಗಿದ್ದರೆ ಅಂಕಿಯ ಮುಖದಲ್ಲಿ 9 ಗಂಟೆಗೆ ಇರಬೇಕು. 5 ಗಂಟೆಗಿದ್ದರೆ 7 ಗಂಟೆಗೆ. ಎರಡನ್ನೂ ಕೂಡಿದರೆ 12. ನೆತ್ತಿಯ ಮೇಲಿನ ಬೋಳು ಮಾತ್ರ ಎರಡೂ ಕಡೆ 12ರಲ್ಲೇ ಇರುತ್ತದೆ. ಅಮೆರಿಕದ ನಾಣ್ಯಕ್ಕೆ ಈ ಲೆಕ್ಕ ಹಾಕಿದರೆ ಕೆಡುತ್ತದೆ. ಅಲ್ಲಿನ ನಾಣ್ಯದ ಹಿಮ್ಮುಖ ನೆಟ್ಟಗೆ ಕಾಣಬೇಕಾದರೆ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದಂತೆ ಕೆಳಗಿನಿಂದ ಮೇಲಕ್ಕೆ ತಿರುಗಿಸಬೇಕು. ಅದರಲ್ಲಿ 3 ಗಂಟೆಯ ಬೋಳು ಹಿಂದೆಯೂ 3ರಲ್ಲೇ ಉಳಿದು, 12ರದು 6ಕ್ಕೆ ಇಳಿಯುತ್ತದೆ.

ಎರಡನೆಯದು ಪಕ್ಕೆ. ಹಲ್ಲುಗೆರೆ ಇರಬೇಕಾದ ನಾಣ್ಯದಲ್ಲಿ ಅದು ಇಲ್ಲದಿದ್ದರೆ ಏಟು ಬಿದ್ದದ್ದು ಕಾಲರಿನ ಹೊರಗೆ. ಹಲ್ಲುಗೆರೆ ಸುತ್ತಲೂ ಅಚ್ಚುಕಟ್ಟಾಗಿದ್ದು ಒಂದು ಮುಖದ ಚಿತ್ರ ಮಾತ್ರ ಪಕ್ಕಕ್ಕೆ ಸರಿದಿದ್ದರೆ ಅದು ಬೇರೆಯೇ ಜಾತಿಯ ತಪ್ಪು. ಅಮೆರಿಕದ ಕಾಲು ಡಾಲರಿನ ಪಕ್ಕೆಯಲ್ಲಿ 119 ಹಲ್ಲುಗೆರೆಗಳಿವೆ, ಅಲ್ಲಿ ಈ ಪರೀಕ್ಷೆ ಸಲೀಸು. ಪಕ್ಕೆ ನುಣುಪಾಗಿರುವ ನಾಣ್ಯಗಳಲ್ಲಿ ಗೆರೆಯ ಬದಲು ಆಕಾರ ನೋಡಬೇಕು. ಕಾಲರಿನೊಳಗೆ ಮುದ್ರೆಯಾದ ಪಕ್ಕೆ ಗೋಡೆಯ ಹಾಗೆ ನೆಟ್ಟಗಿರುತ್ತದೆ. ಹೊರಗೆ ಮುದ್ರೆಯಾದದ್ದು ಉಬ್ಬಿಕೊಂಡು, ಬೆರಳಿಟ್ಟರೆ ದುಂಡಗೆ ತಾಗುತ್ತದೆ. ಬೋಳು ಭಾಗದ ಅಂಚಿನಲ್ಲಿ ಆ ಹಳೆಯ ಉಬ್ಬಂಚು, ಅಂದರೆ ಅಚ್ಚು ಮುಟ್ಟುವ ಮೊದಲೇ ಎತ್ತಿದ್ದು, ಹಾಗೇ ಉಳಿದಿರುತ್ತದೆ. ಬೋಳಿಗೂ ಚಿತ್ರಕ್ಕೂ ನಡುವೆ ಅಚ್ಚಿನ ಅಂಚು ಒತ್ತಿದ ಕಮಾನಿನಂಥ ಮೆಟ್ಟಿಲು ಕಾಣಬೇಕು. ಹೊರಬದಿಯ ಅಕ್ಷರಗಳು ಹರಿದ ಲೋಹದೊಂದಿಗೆ ತಾವೂ ಎಳೆದುಕೊಂಡು ಬುಡ ಅಗಲ ಮಾಡಿಕೊಂಡಿರುತ್ತವೆ.

ಮೂರನೆಯದು ತೂಕ. ನಡು ತಪ್ಪಿದ ನಾಣ್ಯದಲ್ಲಿ ಲೋಹ ಜಾಗ ಬದಲಿಸಿದೆಯೇ ಹೊರತು ಕಳೆದುಹೋಗಿಲ್ಲ. 1992ರಿಂದ 2004ರವರೆಗಿನ ಸ್ಟೀಲಿನ ಒಂದು ರೂಪಾಯಿಯ ತೂಕ 4.85 ಗ್ರಾಂ, ಅಗಲ 25 ಮಿಲಿಮೀಟರ್. ಅದರ ಅರ್ಧ ಚಿತ್ರವೇ ಇಲ್ಲದಿದ್ದರೂ ತಕ್ಕಡಿ 4.85ರ ಆಸುಪಾಸಿನಲ್ಲೇ ನಿಲ್ಲಬೇಕು. ಅರ್ಧ ಗ್ರಾಂ ಕಡಿಮೆ ಬಂದರೆ ಯಾರೋ ಅರವನ್ನು ಹಿಡಿದಿದ್ದಾರೆ, ಇಲ್ಲವೇ ಬಿಲ್ಲೆಯೇ ಕೊರೆಯಾಗಿತ್ತು. ಆಭರಣದಂಗಡಿಯವರು ಬಳಸುವಂಥ ಪುಟ್ಟ ತಕ್ಕಡಿಯೊಂದು ಇಲ್ಲದೆ ಈ ಹವ್ಯಾಸಕ್ಕೆ ಇಳಿಯದಿರುವುದೇ ಲೇಸು. ಒಂದು ಅಯಸ್ಕಾಂತವೂ ಜೇಬಿನಲ್ಲಿರಲಿ. 1992ರ ನಂತರದ ಸ್ಟೀಲಿನ ರೂಪಾಯಿ ಅಂಟಿಕೊಳ್ಳುತ್ತದೆ. ಅದಕ್ಕೂ ಹಿಂದಿನ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು ಅಂಟುವುದಿಲ್ಲ.

ವೇಷಧಾರಿಗಳು

ಆಫ್ ಸೆಂಟರ್ ಎಂದು ಹೆಸರು ಹೊತ್ತು ತಿರುಗುವವುಗಳಲ್ಲಿ ಹೆಚ್ಚು ಸಿಗುವುದು ಅಚ್ಚು ಸರಿದ ನಾಣ್ಯ. ಇಲ್ಲಿ ಬಿಲ್ಲೆ ಕಾಲರಿನೊಳಗೆ ಸರಿಯಾಗಿಯೇ ಕೂತಿದೆ. ಮೇಲಿನ ಅಚ್ಚು ತನ್ನ ಹಿಡಿಕೆಯಲ್ಲಿ ಸಡಿಲವಾಗಿ ಪಕ್ಕಕ್ಕೆ ಜಾರಿದೆ. ಹೀಗಾಗಿ ಒಂದು ಮುಖದ ಚಿತ್ರ ಸರಿದು, ಇನ್ನೊಂದು ಮುಖ ಚೂರೂ ಅಲುಗಾಡದೆ ನಡುವಿನಲ್ಲೇ ಇರುತ್ತದೆ, ಪಕ್ಕೆಯೂ ಕೆಟ್ಟಿರುವುದಿಲ್ಲ. ಕೆಳಗಿನ ಅಚ್ಚಿನ ಕುತ್ತಿಗೆಯನ್ನು ಕಾಲರ್ ಬಿಗಿಯಾಗಿ ಸುತ್ತಿರುವುದರಿಂದ ಅದು ಜಾರುವುದು ಅಪರೂಪ. ಒಂದು ಕಡೆ ಅಂಚು ಅಗಲ, ಎದುರು ಕಡೆ ಅಂಚೇ ಇಲ್ಲದ ರೂಪಾಯಿಗಳು ಎಲ್ಲರ ಮನೆಯ ಚಿಲ್ಲರೆ ಡಬ್ಬಿಯಲ್ಲೂ ಒಂದೆರಡು ಸಿಗುತ್ತವೆ. ಅವು ಬಹುಪಾಲು ಈ ಜಾತಿಯವು, ಮುಖಬೆಲೆಗಿಂತ ಹೆಚ್ಚೇನೂ ತರುವುದಿಲ್ಲ.

ಕೊರೆ ಬಿಲ್ಲೆ ಇನ್ನೊಂದು. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದರೆ ಹಿಂದಿನ ತೂತಿನ ಮೇಲೆಯೇ ಕತ್ತರಿ ಬೀಳುತ್ತದೆ. ಯಾರೋ ಬಿಸ್ಕತ್ತು ಕಚ್ಚಿಟ್ಟ ಹಾಗಿರುವ ಬಿಲ್ಲೆ ಹೊರಬರುತ್ತದೆ. ಮುದ್ರೆ ನಡುವಿನಲ್ಲೇ ಇರುತ್ತದೆ. ಲೋಹವೇ ಇಲ್ಲದ ಕಡೆ ಚಿತ್ರ ಇಲ್ಲ, ಅಷ್ಟೇ. ತೂಕ ಕಡಿಮೆ. ಇದಕ್ಕೊಂದು ಸೊಗಸಾದ ಪರೀಕ್ಷೆ ಉಂಟು. ಬಿಲ್ಲೆಯ ಅಂಚು ಎತ್ತುವ ಯಂತ್ರ ಎರಡೂ ಕಡೆಯಿಂದ ಏಕಕಾಲಕ್ಕೆ ಒತ್ತುತ್ತದೆ. ಕೊರೆಯಾದ ಜಾಗಕ್ಕೆ ಒತ್ತು ಸಿಗದಿದ್ದಾಗ ಅದರ ನೇರ ಎದುರಿನ ಅಂಚಿಗೂ ಒತ್ತು ಸಿಗುವುದಿಲ್ಲ. ನಾಣ್ಯದಲ್ಲಿ ಕೊರೆಗೆ ಎದುರಾದ ಉಬ್ಬಂಚು ಮಸುಕಾಗಿರುತ್ತದೆ. ಬ್ಲೇಕ್‌ಸ್ಲಿ ಪರಿಣಾಮ ಎಂದು ಇದಕ್ಕೆ ಹೆಸರು. ಅರದಿಂದ ಉಜ್ಜಿ ಕೊರೆ ಮಾಡಿದವನಿಗೆ ಎದುರು ಬದಿಯ ಅಂಚನ್ನು ಮಸುಕು ಮಾಡುವುದು ಹೊಳೆಯುವುದಿಲ್ಲ.

ಬಿಲ್ಲೆ ನಡುವಿನಲ್ಲೇ ಇದ್ದು, ಕಾಲರ್ ಮಾತ್ರ ಕೆಳಗೆ ಸಿಕ್ಕಿಕೊಂಡು ಮೇಲೇಳದೆ ಹೋದರೆ ನಾಣ್ಯ ಸುತ್ತಲೂ ಸಮನಾಗಿ ಹರಡಿ ದೊಡ್ಡದಾಗುತ್ತದೆ. ಚಿತ್ರ ಪೂರ್ತಿ ಇರುತ್ತದೆ. ಈ ಹರಡಿದ ನಾಣ್ಯಕ್ಕೂ ಶೇ. 2-3ರಷ್ಟು ಮಾತ್ರ ನಡು ತಪ್ಪಿದ ನಾಣ್ಯಕ್ಕೂ ಗೆರೆ ಎಳೆಯುವುದು ಕಷ್ಟ, ಬಲ್ಲವರೂ ಇಲ್ಲಿ ಜಗಳವಾಡುತ್ತಾರೆ. ಚಿತ್ರದ ಒಂದು ತುಣುಕಾದರೂ ಬಿಲ್ಲೆಯಿಂದ ಹೊರಗೆ ಬಿದ್ದಿದ್ದರೆ ಮಾತ್ರ ನಡು ತಪ್ಪಿದ್ದು ಎಂದುಕೊಂಡರೆ ಜಗಳ ಅರ್ಧ ಮುಗಿಯುತ್ತದೆ.

ಒಂದೇ ಮುಖಕ್ಕೆ ನಡು ತಪ್ಪಿದ ಮುದ್ರೆ, ಇನ್ನೊಂದು ಮುಖ ಆ ಜಾಗದಲ್ಲಿ ಪೂರ್ತಿ ಬೋಳು ಎಂಬ ನಾಣ್ಯ ಕೈಗೆ ಬಂದರೆ ಖೋಟಾ ಎಂದು ಎಸೆಯಬೇಡಿ. ಎರಡು ಬಿಲ್ಲೆಗಳು ಒಂದರ ಮೇಲೊಂದು ಸವಾರಿ ಮಾಡಿ ಏಟು ತಿಂದಾಗ ತಗುಲಿಕೊಂಡ ಮುಖಗಳಿಗೆ ಅಚ್ಚು ತಾಗುವುದೇ ಇಲ್ಲ. ಕೆಳಗಿದ್ದದ್ದು ಬಿಲ್ಲೆಯಲ್ಲ, ಆಗಲೇ ಮುದ್ರೆಯಾದ ನಾಣ್ಯ ಎಂದಾದರೆ ಅದರ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ ಒತ್ತಿಕೊಳ್ಳುತ್ತದೆ. ಒಮ್ಮೆ ನೆಟ್ಟಗೆ ಮುದ್ರೆಯಾದ ನಾಣ್ಯ ಹೊರಬೀಳದೆ ಅಲ್ಲೇ ಹೊರಳಿ, ಎರಡನೆಯ ಏಟನ್ನು ಓರೆಯಾಗಿ ತಿನ್ನುವುದೂ ಇದೆ. ಅದರಲ್ಲಿ ಮೊದಲ ಚಿತ್ರ ಅರ್ಧ ಚಪ್ಪಟೆಯಾಗಿ, ಪಕ್ಕೆಯ ಹಲ್ಲುಗೆರೆ ಒಂದು ಕಡೆ ಉಳಿದು ಇನ್ನೊಂದು ಕಡೆ ಅಳಿಸಿರುತ್ತದೆ.

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ ತನ್ನದೇ ಗೊಂದಲ ತಂದಿದೆ. 27 ಮಿಲಿಮೀಟರ್ ಅಗಲದ, 7.71 ಗ್ರಾಂ ತೂಕದ ಆ ನಾಣ್ಯದಲ್ಲಿ ಹೊರಗಿನ ಉಂಗುರ ಬೇರೆ, ಒಳಗಿನ ಬಿಲ್ಲೆ ಬೇರೆ. ಒಳಬಿಲ್ಲೆ ಉಂಗುರದ ತೂತಿಗೆ ಸರಿಯಾಗಿ ಇಳಿಯದೆ ಪಕ್ಕಕ್ಕೆ ಕಚ್ಚಿಕೊಂಡರೆ ಬೆಳ್ಳಿಬಣ್ಣದ ನಡು ಒಂದು ಕಡೆಗೆ ಜಾರಿದಂತೆ ಕಾಣುತ್ತದೆ. ಆದರೆ ಅಕ್ಷರ ಅಂಕಿಗಳೆಲ್ಲ ಹೊರ ಅಂಚಿನಿಂದ ಸರಿಯಾದ ದೂರದಲ್ಲೇ ಇರುತ್ತವೆ. ಜಾಗ ತಪ್ಪಿದ್ದು ಲೋಹದ ಜೋಡಣೆ, ಮುದ್ರೆಯಲ್ಲ.

ಎಷ್ಟು ತಪ್ಪಿದೆ

ತಪ್ಪಿದ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಬೋಳಿನ ಅತಿ ಅಗಲವಾದ ಜಾಗವನ್ನು ಅಳೆದು ಅಚ್ಚಿನ ವ್ಯಾಸದಿಂದ ಭಾಗಿಸುವುದು ಸುಲಭದ ದಾರಿ. ಕೈಯಲ್ಲಿರುವ ನಾಣ್ಯದ ವ್ಯಾಸದಿಂದ ಭಾಗಿಸಬಾರದು, ಅದು ಏಟಿಗೆ ಎಳೆದುಕೊಂಡು ಉದ್ದವಾಗಿದೆ. ಸರಿಯಾದ ನಾಣ್ಯದ ವ್ಯಾಸ ತೆಗೆದುಕೊಳ್ಳಬೇಕು. ಮೇಲೆ ಹೇಳಿದ ಸ್ಟೀಲ್ ರೂಪಾಯಿಯಲ್ಲಿ ಬೋಳು 6 ಮಿಲಿಮೀಟರ್ ಇದ್ದರೆ 25ಕ್ಕೆ 6, ಅಂದರೆ ಶೇ. 24. ಕಣ್ಣಂದಾಜು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಹೇಳುತ್ತದೆ, ಮಾರುವವನ ಕಣ್ಣಂದಾಜು ಇನ್ನೂ ಜಾಸ್ತಿ.

ಶೇಕಡಾವಾರು ಏರಿದಂತೆಲ್ಲ ಬೆಲೆಯೂ ಏರುತ್ತದೆ ಎಂಬುದು ಅರ್ಧ ಸತ್ಯ. ಶೇ. 50ರಷ್ಟು ತಪ್ಪಿಯೂ ಇಸವಿ ಪೂರ್ತಿ ಓದಲು ಸಿಗುವ ನಾಣ್ಯಕ್ಕೆ ಇರುವ ಬೇಡಿಕೆ, ಶೇ. 80 ತಪ್ಪಿ ನಾಲ್ಕು ಭತ್ತದ ಕಾಳಷ್ಟು ಚಿತ್ರ ಉಳಿದದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಇಸವಿ ಉಳಿದಿದೆಯೇ ಎಂಬುದು ದಿಕ್ಕಿನ ಮಾತು. ಬೋಳು ಇರುವ ಕಡೆ ಚಿತ್ರ ಕಡಿದು ಹೋಗಿದೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ, ನಿಜದಲ್ಲಿ ಕಡಿದು ಹೋಗಿರುವುದು ಅದರ ಎದುರು ಬದಿ. ಬೋಳು ನೆತ್ತಿಯಲ್ಲಿದ್ದರೆ ಚಿತ್ರವೆಲ್ಲ ಕೆಳಗೆ ಇಳಿದು, ರೂಪಾಯಿಯ ಬುಡದಲ್ಲಿರುವ ಇಸವಿ ಬಿಲ್ಲೆಯಿಂದ ಆಚೆ ಬಿದ್ದಿರುತ್ತದೆ. ಬೋಳು ಬುಡದಲ್ಲಿದ್ದರೆ ಇಸವಿ ಉಳಿದಿರುತ್ತದೆ.

ಭಾರತದ ನಾಣ್ಯಗಳ ಒಂದು ಹೊಂಡ

ಸ್ವತಂತ್ರ ಭಾರತದ ನಾಣ್ಯಗಳು ಮುಂಬಯಿ, ಕೋಲ್ಕತ್ತ, ಹೈದರಾಬಾದು ಟಂಕಸಾಲೆಗಳಿಂದಲೂ 1988ರಿಂದ ನೋಯ್ಡಾದಿಂದಲೂ ಬರುತ್ತಿವೆ. ಇಸವಿಯ ಕೆಳಗೆ ಮುಂಬಯಿಯದಕ್ಕೆ ವಜ್ರಾಕೃತಿ, ಹೈದರಾಬಾದಿನದಕ್ಕೆ ನಕ್ಷತ್ರ, ನೋಯ್ಡಾದ್ದಕ್ಕೆ ದುಂಡು ಚುಕ್ಕೆ ಇರುವುದು ಸಾಮಾನ್ಯ ಕ್ರಮ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಹೊಂಡ ಇರುವುದು ಇಲ್ಲೇ. ನಡು ತಪ್ಪಿ ಬುಡದ ಭಾಗ ಹಾರಿಹೋದ ನಾಣ್ಯದಲ್ಲೂ ಗುರುತು ಇರುವುದಿಲ್ಲ. ಗುರುತಿಲ್ಲ ಎಂದ ಮಾತ್ರಕ್ಕೆ ಕೋಲ್ಕತ್ತ ಎಂದು ಬರೆದುಬಿಡುವುದು ಆಲ್ಬಮ್‌ಗಳಲ್ಲಿ ಸಾಮಾನ್ಯ. ಇಸವಿಯ ಕೆಳಗಿನ ಜಾಗ ನಾಣ್ಯದಲ್ಲಿ ಉಳಿದಿದ್ದು, ಅಲ್ಲಿ ಏನೂ ಇಲ್ಲದಿದ್ದರೆ ಮಾತ್ರ ಕೋಲ್ಕತ್ತ. ಜಾಗವೇ ಇಲ್ಲದಿದ್ದರೆ ಯಾವುದೂ ಇರಬಹುದು, ಪರದೇಶದ್ದೂ ಇರಬಹುದು. ಚಿಲ್ಲರೆಯ ಅಭಾವ ನೀಗಿಸಲು 1985ರಲ್ಲಿ ಬ್ರಿಟನ್ನಿನಿಂದ, 1990ರ ದಶಕದ ಕೊನೆಯ ಹೊತ್ತಿಗೆ ಮೆಕ್ಸಿಕೊ, ಪ್ರಿಟೋರಿಯಾ, ಸ್ಲೊವಾಕಿಯಾದ ಕ್ರೆಮ್ನಿಟ್ಸಾಗಳಿಂದ ಸರ್ಕಾರ ನಾಣ್ಯ ಮಾಡಿಸಿ ತರಿಸಿತ್ತು.

ಇನ್ನೊಂದು ತೊಡಕು ಬಿಲ್ಲೆಯದು. 2011ರಲ್ಲಿ ರೂಪಾಯಿ ಚಿಹ್ನೆಯ ಹೊಸ ಸರಣಿ ಬಂದಾಗ ನಾಣ್ಯಗಳನ್ನು ಒಂದೊಂದು ಮೆಟ್ಟಿಲು ಕೆಳಗಿಳಿಸಿ ಚಿಕ್ಕದು ಮಾಡಿದರು. ಹಳೆಯ ಒಂದು ರೂಪಾಯಿಯ 25 ಮಿಲಿಮೀಟರ್, 4.85 ಗ್ರಾಂ ಅಳತೆ ಎರಡು ರೂಪಾಯಿಗೆ ಹೋಯಿತು. ಹಳೆಯ ಐವತ್ತು ಪೈಸೆಯ 22 ಮಿಲಿಮೀಟರ್, 3.79 ಗ್ರಾಂ ಒಂದು ರೂಪಾಯಿಗೆ. ಇಪ್ಪತ್ತೈದು ಪೈಸೆಯ 19 ಮಿಲಿಮೀಟರ್, 2.83 ಗ್ರಾಂ ಐವತ್ತು ಪೈಸೆಗೆ. ಲೋಹ ಎಲ್ಲಕ್ಕೂ ಸ್ಟೀಲೇ. ಆದ್ದರಿಂದ ಚಿತ್ರ ತೀರಾ ಕಡಿಮೆ ಉಳಿದ ನಾಣ್ಯವನ್ನು ತೂಕ ಮಾಡಿ, 4.85 ಬಂತು, ಇದು ಒಂದು ರೂಪಾಯಿ ಎನ್ನುವ ಹಾಗಿಲ್ಲ. ಉಳಿದ ತುಣುಕಿನಲ್ಲಿ ತೆನೆ ಇದೆಯೋ, ನೃತ್ಯದ ಹಸ್ತಮುದ್ರೆಯ ಬೆರಳು ಇದೆಯೋ, ರೂಪಾಯಿ ಚಿಹ್ನೆಯ ಗೆರೆ ಇದೆಯೋ ಎಂದು ಭೂತಗನ್ನಡಿ ಹಿಡಿಯಬೇಕು.

ಕಮ್ಮಟದ ಕಾಲ

ಕನ್ನಡದಲ್ಲಿ ಟಂಕಸಾಲೆಗೆ ಇದ್ದ ಹಳೆಯ ಮಾತು ಕಮ್ಮಟ. ಈಗ ಆ ಪದ ಕಾವ್ಯ ಕಮ್ಮಟ, ಕಥಾ ಕಮ್ಮಟಗಳಿಗೆ ಮೀಸಲಾಗಿದೆ. ಕಮ್ಮಟದ ಕಾಲದಲ್ಲಿ ಕೆಳಗಿನ ಅಚ್ಚಿನ ಮೇಲೆ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಬಡಿಯುತ್ತಿದ್ದರು. ಕಾಲರ್ ಇರಲಿಲ್ಲ. ಅನೇಕ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದೇ ಇರುತ್ತಿತ್ತು. ಹೀಗಿರುವಾಗ ಪೂರ್ತಿ ಚಿತ್ರ ಬೀಳುವುದೇ ಅಪರೂಪ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಚಿನ್ನದ ಹಣ ಅರ್ಧ ಗ್ರಾಮಿಗೂ ಕಡಿಮೆ ತೂಗುತ್ತದೆ. ಬೇಳೆಯಷ್ಟಿರುವ ಅದರ ಮೇಲೆ ನರಸಿಂಹನ ಪೂರ್ತಿ ಮೂರ್ತಿ ಸಿಕ್ಕರೆ ಅದೃಷ್ಟ. ಟಿಪ್ಪುವಿನ ಆನೆಯ ತಾಮ್ರದ ನಾಣ್ಯಗಳಲ್ಲಿ ಸೊಂಡಿಲೋ ಬಾಲವೋ ಬಿಲ್ಲೆಯ ಆಚೆ ಹೋಗಿರುವುದುಂಟು. ಹಿಂಬದಿಯಲ್ಲಿ ಪಟ್ಟಣ, ನಗರ, ಫರ್ರುಖ್‌ಯಾಬ್ ಹಿಸಾರ್ ಎಂದು ಊರಿನ ಹೆಸರಿರುತ್ತದೆ (ಕೊನೆಯದು ಚಿತ್ರದುರ್ಗಕ್ಕೆ ಅವನಿಟ್ಟ ಹೆಸರು). ಅದರ ಅರ್ಧ ಹಾರಿದರೆ ಯಾವ ಕಮ್ಮಟ ಎಂದು ಹೇಳುವುದು ಪಂಡಿತರ ಕೆಲಸ. ಮೊಗಲರ ಬೆಳ್ಳಿ ರೂಪಾಯಿಗಳ ಪಾಡೂ ಇದೇ.

ಇವನ್ನು ಎರರ್ ಕಾಯಿನ್ ಎಂದು ಮಾರುವುದು ಸರಿಯಲ್ಲ. ತಪ್ಪು ಎನ್ನಬೇಕಾದರೆ ಸರಿ ಎಂಬುದೊಂದು ಮೊದಲು ಇರಬೇಕು. ಪ್ರತಿ ನಾಣ್ಯವೂ ಒಂದೇ ಥರ ಇರಬೇಕೆಂಬ ನಿಯಮ ಯಂತ್ರದೊಡನೆ ಬಂತು. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ 1788ರ ಸುಮಾರಿಗೆ ಉಗಿಯಂತ್ರದ ಟಂಕಸಾಲೆ ಹೂಡಿದ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಪ್ರಾಂತ್ಯಕ್ಕೂ ಅಲ್ಲಿಂದ ತಾಮ್ರದ ನಾಣ್ಯಗಳು ಬಂದವು. ಅದೇ ಬಗೆಯ ಯಂತ್ರಗಳು ಆಮೇಲೆ ಕೋಲ್ಕತ್ತ, ಮುಂಬಯಿಗಳಿಗೆ ಬಂದು, 1835ರಲ್ಲಿ ಕಂಪನಿಯ ಆಳ್ವಿಕೆಗೆಲ್ಲ ಒಂದೇ ರೂಪಾಯಿ ಎಂದಾಯಿತು. ನಡು ತಪ್ಪಿದ್ದು ದೋಷವೆಂದು ಎಣಿಕೆಗೆ ಬಂದದ್ದು ಈ ನೆಲದಲ್ಲಿ ಅಲ್ಲಿಂದೀಚೆಗೆ.

ಖೋಟಾ ಮತ್ತು ಪೇಟೆ

ಮನೆಯಲ್ಲೇ ತಯಾರಾಗುವ ತಪ್ಪುಗಳು ಬೇಕಾದಷ್ಟಿವೆ. ಎರಡು ನಾಣ್ಯ ಜೋಡಿಸಿ ವೈಸಿನಲ್ಲಿ ಬಿಗಿದರೆ ಒಂದರ ಮೇಲೆ ಇನ್ನೊಂದರ ಚಿತ್ರ ಓರೆಯಾಗಿ ಮೂಡುತ್ತದೆ. ಆದರೆ ಅದು ಕನ್ನಡಿ ಬಿಂಬ, ಜೊತೆಗೆ ತಗ್ಗು. ಅಚ್ಚಿನ ಎರಡನೇ ಏಟಾದರೆ ಉಬ್ಬಾಗಿ, ನೆಟ್ಟಗೆ ಬರಬೇಕಿತ್ತು. ಒಂದು ಬದಿಯ ಚಿತ್ರ ಉಜ್ಜಿ ತೆಗೆದು ಬೋಳು ಮಾಡಿದ್ದು ತೂಕದಲ್ಲಿ ಸಿಕ್ಕಿಬೀಳುತ್ತದೆ. ಉಜ್ಜಿದ ಜಾಗದಲ್ಲಿ ಒಂದೇ ದಿಕ್ಕಿನ ಗೀರುಗಳಿರುತ್ತವೆ, ಉಬ್ಬಂಚು ಇರುವುದಿಲ್ಲ. ಚಿತ್ರ ತಾನಾಗಿಯೇ ಕಮಾನಿನ ಮೆಟ್ಟಿಲಲ್ಲಿ ನಿಲ್ಲುವ ಬದಲು ಬೋಳಿನೊಳಗೆ ಕರಗಿಹೋದಂತೆ ಕಾಣುತ್ತದೆ. ಖೋಟಾ ಅಚ್ಚಿನಿಂದಲೇ ಹೊಡೆದದ್ದು ಇವೆಲ್ಲಕ್ಕಿಂತ ಕಠಿಣ. ಅಲ್ಲಿ ಅಕ್ಷರದ ರೂಪವನ್ನು ಅದೇ ಇಸವಿಯ ಒಳ್ಳೆಯ ನಾಣ್ಯದ ಪಕ್ಕ ಇಟ್ಟು ಹೋಲಿಸದೆ ಗತ್ಯಂತರವಿಲ್ಲ.

ಮೊಬೈಲಿನಲ್ಲಿ ಓಡಾಡುವ ಲಕ್ಷ, ಕೋಟಿಗಳ ಮಾತನ್ನು ನಂಬುವಂತಿಲ್ಲ. ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವ ಹೆಸರಿನಲ್ಲಿ ತನ್ನ ಲಾಂಛನ ಬಳಸಿ ಕಮಿಷನ್, ತೆರಿಗೆ ಎಂದು ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ನಾಣ್ಯ ಕರಗಿಸುವುದು, ಹಾಳು ಮಾಡುವುದು 2011ರ ನಾಣ್ಯ ಕಾಯಿದೆಯಂತೆ ಅಪರಾಧ ಎಂಬುದನ್ನೂ ವೈಸು ಹಿಡಿಯುವವರು ತಿಳಿದಿರಬೇಕು. ನಿಜವಾದ ನಡು ತಪ್ಪಿದ ನಾಣ್ಯಕ್ಕೆ ಬೆಲೆ ಉಂಟು. ಮೊಟ್ಟೆಯಾಕಾರದ ನಾಣ್ಯ ಜರಡಿಯಲ್ಲೋ ಎಣಿಸುವ ಯಂತ್ರದಲ್ಲೋ ಸಿಕ್ಕಿಬೀಳುವುದೇ ಹೆಚ್ಚಾದ್ದರಿಂದ, ದೊಡ್ಡ ಪ್ರಮಾಣದಲ್ಲಿ ತಪ್ಪಿದ್ದು ತಪ್ಪಿಸಿಕೊಂಡು ಚೀಲದವರೆಗೆ ಬರುವುದು ಕಡಿಮೆ.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಬೋಳು ಭಾಗದ ಮೂಲ ಮೈಯೇ ಮುಖ್ಯ ಸಾಕ್ಷಿ, ಅದು ಹೋದರೆ ವಾದವೂ ಹೋಯಿತು. ಎರಡು ಮುಖ ಮತ್ತು ಪಕ್ಕೆಯ ಚಿತ್ರ ತೆಗೆದು, ಲಕೋಟೆಯ ಮೇಲೆ ಕಂಡದ್ದನ್ನು ಕಂಡ ಹಾಗೆ ಬರೆದಿಡುವುದು ಬಲ್ಲವರ ಪದ್ಧತಿ. ಮೇಲಿನ ಶೇ. 24ರ ರೂಪಾಯಿಯಲ್ಲಿ ಸಿಂಹದ ಕಡೆ ಬೋಳು 2 ಗಂಟೆಗಿದೆ ಎಂದಿಟ್ಟುಕೊಂಡರೆ, ಅಂಕಿಯ ಕಡೆ ಚಿತ್ರ ಬಲಕ್ಕೂ ಕೆಳಕ್ಕೂ ಜಾರಿ ಇಸವಿಯ ಕೊನೆಯ ಅಂಕಿ ಆಚೆ ಬಿದ್ದಿರುತ್ತದೆ. ಆ ಲಕೋಟೆಯ ಮೇಲೆ ಇಷ್ಟು ಸಾಕು: ಒಂದು ರೂಪಾಯಿ, ಸ್ಟೀಲ್, ತೆನೆ, 4.85 ಗ್ರಾಂ, ಬೋಳು ಸಿಂಹದ ಕಡೆ 2 ಗಂಟೆಗೆ, ಅಂಕಿಯ ಕಡೆ 10 ಗಂಟೆಗೆ, ಶೇ. 24, ಇಸವಿ 199, ಮುಂದಿನ ಅಂಕಿ ಇಲ್ಲ, ಟಂಕಸಾಲೆ ಹೇಳಲು ಬಾರದು.